ಐರ್ಲೆಂಡ್ ಕಾಣುವುದು ಬಸ್ಸಿನ ಕಿಟಕಿಯಲ್ಲಿ

ಬೆಂಗಳೂರು, ಮೈಸೂರು, ಹುಬ್ಬಳ್ಳಿ ಕಡೆಯವರ ಗುಂಪುಗಳನ್ನು ಕರೆದುಕೊಂಡು ಐರ್ಲೆಂಡ್ ಸುತ್ತಿಸುವುದು ನನ್ನ ಕೆಲಸ. ಬರುವವರಲ್ಲಿ ನಿವೃತ್ತರೇ ಹೆಚ್ಚು: ಬ್ಯಾಂಕಿನವರು, ಮೇಷ್ಟ್ರುಗಳು, ಡಾಕ್ಟರುಗಳು, ಮಕ್ಕಳನ್ನು ನೋಡಲು ಲಂಡನ್ನಿಗೆ ಬಂದು ಹಾಗೇ ಸೇರಿಕೊಂಡ ತಂದೆತಾಯಿ. ಪ್ಯಾರಿಸ್, ಸ್ವಿಟ್ಜರ್ಲೆಂಡ್ ನೋಡಿದವರಿಗೆ ಇಲ್ಲಿನ ‘ನೋಡುವ ಜಾಗಗಳ’ ಪಟ್ಟಿ ಚಿಕ್ಕದು ಅನ್ನಿಸುತ್ತದೆ. ಚಿಕ್ಕದೇ ಹೌದು. ಈ ದೇಶದ ಸೊಗಸೆಲ್ಲ ಒಂದು ಟಿಕೆಟ್ ಕೌಂಟರಿನಿಂದ ಇನ್ನೊಂದಕ್ಕೆ ಹೋಗುವ ದಾರಿಯಲ್ಲಿದೆ. ಆ ದಾರಿಯನ್ನು ಗುಂಪಿಗೆ ಉಳಿಸಿಕೊಡುವುದು ಹೇಗೆ ಎಂಬುದೇ ನಾನು ಇಷ್ಟು ದಿನ ಕಲಿತ ವಿದ್ಯೆ.

1. ಎಲ್ಲೂ ಒಂದೇ ರಾತ್ರಿ ತಂಗಬೇಡಿ

ನಕ್ಷೆಯಲ್ಲಿ ಐರ್ಲೆಂಡ್ ಅಂಗೈಯಗಲ ಕಾಣುತ್ತದೆ. ಡಬ್ಲಿನ್ನಿನಿಂದ ಗಾಲ್ವೇಗೆ ಸುಮಾರು 200 ಕಿಲೋಮೀಟರ್, ಮೋಟರ್‌ವೇ ಹಿಡಿದರೆ ಎರಡೂವರೆ ಗಂಟೆ. ಇದನ್ನು ನೋಡಿ ಏಳು ದಿನಕ್ಕೆ ಏಳು ಊರು ಎಂದು ಪ್ಲಾನ್ ಹಾಕುವವರಿದ್ದಾರೆ. ಆದರೆ ರಿಂಗ್ ಆಫ್ ಕೆರ್ರಿ ಎಂಬ ಸುತ್ತುದಾರಿ 179 ಕಿಲೋಮೀಟರ್ ಅಷ್ಟೇ ಇದ್ದರೂ ಅದಕ್ಕೆ ಇಡೀ ದಿನ ಬೇಕು.

ಊರು ಬದಲಿಸುವ ದಿನ ಬೆಳಿಗ್ಗೆ 7ಕ್ಕೆ ಸೂಟ್‌ಕೇಸು ಕೋಣೆಯ ಬಾಗಿಲ ಹೊರಗಿರಬೇಕು. ಆಮೇಲೆ ತಿಂಡಿ, ಕೀ ವಾಪಸ್, ಮರೆತ ಚಾರ್ಜರ್, ಲಾಕರಿನಲ್ಲೇ ಉಳಿದ ಪಾಸ್‌ಪೋರ್ಟ್, ತಲೆ ಎಣಿಕೆ. ಬಸ್ಸು ಹೊರಡುವಾಗ ಒಂಬತ್ತೂವರೆ. ಹಾಗಾಗಿ ಗಾಲ್ವೇಯಲ್ಲಿ ಎರಡು ರಾತ್ರಿ, ಕಿಲಾರ್ನಿಯಲ್ಲಿ ನಾಲ್ಕು ರಾತ್ರಿ ಎಂಬುದರಲ್ಲಿ ನಾನು ರಾಜಿ ಮಾಡಿಕೊಳ್ಳುವುದಿಲ್ಲ. ಕಿಲಾರ್ನಿಯಿಂದ ಒಂದು ದಿನ ಕೆರ್ರಿ ಸುತ್ತು, ಒಂದು ದಿನ ಡಿಂಗಲ್, ಮೂರನೆಯ ದಿನ ಬಸ್ಸಿಗೆ ರಜೆ. ಅಂದು ರಾಷ್ಟ್ರೀಯ ಉದ್ಯಾನದೊಳಗೆ ಕುದುರೆಗಾಡಿ, ಇಲ್ಲವೇ ನಡಿಗೆ. 1932ರಲ್ಲಿ ಆದ ಈ ಉದ್ಯಾನ ಐರ್ಲೆಂಡಿನ ಮೊದಲನೆಯದು.

ಕ್ಲೇರ್ ಕಡೆಯಿಂದ ಕೆರ್ರಿಗೆ ಇಳಿಯುವಾಗ ಲಿಮೆರಿಕ್ ಸುತ್ತಿಕೊಂಡು ಹೋಗಬೇಡಿ. ಕಿಲ್ಲಿಮರ್‌ನಲ್ಲಿ ಬಸ್ಸೇ ಫೆರ್ರಿ ಹತ್ತುತ್ತದೆ. 20 ನಿಮಿಷದಲ್ಲಿ ಶಾನನ್ ನದಿಯ ಅಳಿವೆ ದಾಟಿ ಟಾರ್ಬರ್ಟ್‌ನಲ್ಲಿ ಇಳಿಯುತ್ತದೆ. 137 ಕಿಲೋಮೀಟರ್ ಉಳಿತಾಯ. ಅಳಿವೆಯಲ್ಲಿ ಡಾಲ್ಫಿನ್‌ಗಳ ಹಿಂಡೊಂದು ನೆಲೆಸಿದೆ, ಎಲ್ಲರೂ ಡೆಕ್ಕಿನ ಮೇಲೆ ನಿಲ್ಲಲಿ.

2. ರಸ್ತೆಯ ಅಗಲಕ್ಕೆ ತಕ್ಕ ಬಸ್ಸು

ಮೂವತ್ತು ಸೀಟಿನ ಆಸುಪಾಸಿನ ಬಸ್ಸು ಐವತ್ಮೂರು ಸೀಟಿನದಕ್ಕಿಂತ ತಲೆಗೆ ದುಬಾರಿ. ಆ ಹಣ ಕೊಡುವುದು ಸರಿ. ಚಿಕ್ಕ ಬಸ್ಸಾದರೆ ರಸ್ತೆ ಪಕ್ಕದಲ್ಲಿ ಎಲ್ಲೆಂದರಲ್ಲಿ ನಿಲ್ಲಲು ಜಾಗ ಸಿಗುತ್ತದೆ, ಎಲ್ಲರೂ ಇಳಿದು ಹತ್ತುವುದಕ್ಕೆ ಕಾಲು ಗಂಟೆ ಹಿಡಿಯುವುದಿಲ್ಲ. ಹಾಗೆಂದು ಎಲ್ಲ ದಾರಿಗೂ ಅದು ನುಗ್ಗಲಾರದು. ಡಿಂಗಲ್ ಬಳಿಯ ಕಾನರ್ ಪಾಸ್ ಘಾಟಿಯಲ್ಲಿ 2 ಟನ್ ಮೀರಿದ ವಾಹನಕ್ಕೆ ಪ್ರವೇಶವಿಲ್ಲ. ಬುಕಿಂಗ್ ಹೊತ್ತಿಗೇ ಇದನ್ನು ಹೇಳಿಬಿಟ್ಟರೆ ಯೂಟ್ಯೂಬಿನಲ್ಲಿ ಆ ಘಾಟಿ ನೋಡಿ ಬಂದವರಿಗೆ ನಿರಾಸೆಯಾಗುವುದಿಲ್ಲ.

3. ಸೀಟಿನ ಸರದಿಯನ್ನು ಸಮುದ್ರ ನೋಡಿ ಹಾಕಿ

ಗುಂಪಿನಲ್ಲಿ ಮನಸ್ತಾಪ ಹುಟ್ಟುವುದು ಸೀಟಿನಿಂದಲೇ. ದಿನಕ್ಕೆ ಎರಡು ಸಾಲು ಹಿಂದೆ ಸರಿಯುವ ಪದ್ಧತಿಯನ್ನು ಬಹುತೇಕ ಟೂರ್ ಮ್ಯಾನೇಜರುಗಳು ಇಟ್ಟುಕೊಂಡಿದ್ದಾರೆ. ಐರ್ಲೆಂಡಿನಲ್ಲಿ ಅಷ್ಟು ಸಾಲದು, ಎಡ ಬಲವೂ ಲೆಕ್ಕಕ್ಕೆ ಬರಬೇಕು.

ಕೆರ್ರಿ ಸುತ್ತಿನಲ್ಲಿ ಎರಡು ದೊಡ್ಡ ಬಸ್ಸು ಎದುರುಬದುರಾದರೆ ದಾಟಲಾಗದ ತಿರುವುಗಳಿವೆ. ಅದಕ್ಕೇ ಟೂರಿಸ್ಟ್ ಬಸ್ಸುಗಳೆಲ್ಲ ಅಪ್ರದಕ್ಷಿಣೆಯಾಗಿ, ಕಿಲಾರ್ನಿಯಿಂದ ಮೊದಲು ಕಿಲೋರ್ಗ್ಲಿನ್ ಕಡೆಗೆ ಹೊರಡುತ್ತವೆ. ಆಗ ಸಮುದ್ರ ಬಲಗಡೆ. ಡಿಂಗಲ್‌ನ ಸ್ಲೇ ಹೆಡ್ ದಾರಿಯಲ್ಲಿ ಪ್ರದಕ್ಷಿಣೆಯ ರೂಢಿ, ಅಲ್ಲಿ ಸಮುದ್ರ ಎಡಗಡೆ. ಮೊದಲ ದಿನ ಬಲಕ್ಕೆ ಕೂತವರನ್ನು ಎರಡನೆಯ ದಿನವೂ ಬಲಕ್ಕೇ ಕೂರಿಸಿದರೆ ಅವರಿಗೆ ಡಿಂಗಲ್‌ನಲ್ಲಿ ಬರೀ ಬೆಟ್ಟದ ಬದಿ, ಉಳಿದವರಿಗೆ ಕೆರ್ರಿಯ ದಿನವೆಲ್ಲ ಬೇಲಿ. ಹಾಗಾಗಿ ಕೆರ್ರಿಯ ಅರ್ಧ ಸುತ್ತು ಮುಗಿದು ಊಟಕ್ಕೆ ನಿಂತಾಗಲೇ ಬದಿ ಬದಲಿಸುತ್ತೇನೆ, ಡಿಂಗಲ್‌ನಲ್ಲೂ ಅಷ್ಟೇ. ಚಾರ್ಟನ್ನು ಮೊದಲ ರಾತ್ರಿಯೇ ವಾಟ್ಸ್ಆ್ಯಪ್ ಗುಂಪಿನಲ್ಲಿ ಹಾಕಿ. ಕಾರಣ ತಿಳಿದ ಮೇಲೆ “ನಮ್ಮ ಯಜಮಾನ್ರಿಗೆ ಕಾಲು ನೋವು, ಮುಂದಿನ ಸೀಟೇ ಬೇಕು” ಎನ್ನುತ್ತಿದ್ದ ಮೇಡಂ ಕೂಡ ಒಪ್ಪಿಕೊಳ್ಳುತ್ತಾರೆ.

4. ಡ್ರೈವರ್ ಗಡಿಯಾರವೇ ನಿಮ್ಮ ಗಡಿಯಾರ

ಐರೋಪ್ಯ ಒಕ್ಕೂಟದ ನಿಯಮದಂತೆ ನಾಲ್ಕೂವರೆ ಗಂಟೆ ಓಡಿಸಿದ ಡ್ರೈವರ್ 45 ನಿಮಿಷ ವಿರಾಮ ಪಡೆಯಲೇಬೇಕು. ದಿನಕ್ಕೆ 9 ಗಂಟೆ ಓಡಿಸಬಹುದು, ವಾರದಲ್ಲಿ ಎರಡು ದಿನ ಮಾತ್ರ 10. ಒಂದು ದಿನದ ಕೆಲಸಕ್ಕೂ ಮರುದಿನದ ಕೆಲಸಕ್ಕೂ ನಡುವೆ 11 ಗಂಟೆ ವಿಶ್ರಾಂತಿ ಬೇಕು. ಒಂದು ವಾರದ ರಜೆಯಿಂದ ಮುಂದಿನ ವಾರದ ರಜೆಯವರೆಗೆ ಮೂರು ಸಲವಷ್ಟೇ ಅದನ್ನು 9ಕ್ಕೆ ಇಳಿಸಬಹುದು. ಎಲ್ಲವೂ ಟ್ಯಾಕೋಗ್ರಾಫ್ ಯಂತ್ರದಲ್ಲಿ ದಾಖಲಾಗುತ್ತದೆ.

ಬನ್ರಾಟಿ ಕೋಟೆಯ ರಾತ್ರಿ ಔತಣ ಮುಗಿಸಿ ಬಸ್ಸು 11ಕ್ಕೆ ಹೋಟೆಲ್ ಸೇರಿದರೆ ಮರುದಿನ 10ಕ್ಕೆ ಹೊರಡುವುದು ಎಂದೇ ಪ್ಲಾನ್ ಹಾಕಿ. ನಮ್ಮಲ್ಲಿ ರಾತ್ರಿಯಿಡೀ ಓಡಿಸಿ ಬೆಳಿಗ್ಗೆ ಧರ್ಮಸ್ಥಳದಲ್ಲಿ ಇಳಿಸಿದ ಡ್ರೈವರ್ ಅಂದೇ ಮತ್ತೆ ಸ್ಟಿಯರಿಂಗ್ ಹಿಡಿದದ್ದನ್ನು ಕಂಡವರು “ಹತ್ತು ನಿಮಿಷ ತಾನೇ, ಅಡ್ಜಸ್ಟ್ ಮಾಡ್ಕೊಳ್ಳಲಿ ಸರ್” ಎನ್ನುತ್ತಾರೆ. ಆ ಹತ್ತು ನಿಮಿಷವನ್ನು ಕೇಳಲೂಬಾರದು. ಬಸ್ಸಿನಲ್ಲಿ ಕೂತಿರುವವರ ಜೀವಕ್ಕೆಂದೇ ಈ ನಿಯಮ ಇದೆ, ಮುರಿದರೆ ಡ್ರೈವರ್ ಹೊಟ್ಟೆಪಾಡಿಗೆ ಕುತ್ತು.

5. ಮೋಹರ್ ಪ್ರಪಾತಕ್ಕೆ ಬೆಳಿಗ್ಗೆ ಬೇಗ ಅಥವಾ ಸಂಜೆ

ಕ್ಲಿಫ್ಸ್ ಆಫ್ ಮೋಹರ್ ಅತಿ ಎತ್ತರದಲ್ಲಿ 214 ಮೀಟರ್. ಡಬ್ಲಿನ್ನಿನಿಂದ ಒಂದು ದಿನದ ಟೂರಿಗೆ ಬರುವ ಬಸ್ಸುಗಳೆಲ್ಲ ನಡುಮಧ್ಯಾಹ್ನ ಅಲ್ಲಿ ಜಮಾಯಿಸುತ್ತವೆ. ಮಂಜು ಕವಿದಿದ್ದರೆ ಬೇಸರಪಡದೆ ಒಂದು ಗಂಟೆ ಕಾಯಿರಿ, ಅಟ್ಲಾಂಟಿಕ್ ಗಾಳಿ ಬಹಳ ಸಲ ಅದನ್ನು ಎತ್ತಿಕೊಂಡು ಹೋಗುತ್ತದೆ. ಕೊಡೆ ಬೇಡ. ಟೋಪಿ ಇರುವ ರೇನ್‌ಕೋಟ್, ಜಾರದ ಶೂ.

6. ಮೈಕು ಕಡಿಮೆ, ಕಿಟಕಿ ಹೆಚ್ಚು

ಅಂತ್ಯಾಕ್ಷರಿ, ಹೌಸಿ ಇಲ್ಲದೆ ನಮ್ಮವರ ಬಸ್ಸು ಸಾಗುವುದಿಲ್ಲ. ನನಗೂ ಅದು ಇಷ್ಟ. ಆದರೆ ನನ್ನ ಬಸ್ಸಿನಲ್ಲಿ ಅದು ಮೋಟರ್‌ವೇಗೆ ಮಾತ್ರ. ಕಾನೆಮಾರಾ ಬಂತು ಎಂದರೆ ಆಟ ಬಂದ್.

ಕಾನೆಮಾರಾದಲ್ಲಿ ಹೊರಗೆ ನೋಡಲು ಏನಿದೆ ಎಂದು ಕೇಳುತ್ತಾರೆ. ಗದ್ದೆಯಂತಿಲ್ಲ, ಕಾಡೂ ಇಲ್ಲ, ಕಂದು ಬಣ್ಣದ ಜೌಗು ನೆಲ. ಅದಕ್ಕೇ ಏನನ್ನು ನೋಡಬೇಕು ಎಂದು ಮುಂಚೆ ಎರಡು ಮಾತು ಹೇಳಬೇಕು, ಹೇಳಿ ಸುಮ್ಮನಾಗಬೇಕು. ಸಾವಿರಾರು ವರ್ಷ ಪಾಚಿ, ಹುಲ್ಲು ಪೂರ್ತಿ ಕೊಳೆಯದೆ ಒತ್ತಿಕೊಂಡು ಆದ ಪೀಟ್ ಅದು. ಇಟ್ಟಿಗೆಯಂತೆ ಕತ್ತರಿಸಿ, ನಾಲ್ಕೈದು ತುಂಡು ಒಂದಕ್ಕೊಂದು ಒರಗಿಸಿ ನಿಲ್ಲಿಸಿರುತ್ತಾರೆ. ಗಾಳಿಗೆ ಒಣಗಿದ ಮೇಲೆ ಒಲೆಗೆ. ಕುರಿಗಳ ಬೆನ್ನ ಮೇಲಿನ ನೀಲಿ, ಕೆಂಪು ಬಣ್ಣದ ಪಟ್ಟಿ ಯಾರ ಕುರಿ ಎಂಬ ಗುರುತು. ಬೇಲಿಯಿಲ್ಲದ ಬೆಟ್ಟದಲ್ಲಿ ಎಲ್ಲರ ಕುರಿಗಳೂ ಒಟ್ಟಿಗೆ ಮೇಯುತ್ತವೆ. ಕಲ್ಲಿನ ಗೋಡೆಗಳಿಗೆ ಗಾರೆಯಿಲ್ಲ, ಸಂದುಗಳಲ್ಲಿ ಆಚೆಯ ಬೆಳಕು ಕಾಣುತ್ತದೆ. ಗಾಳಿ ತೂರಿಹೋಗುವುದರಿಂದಲೇ ಗೋಡೆ ನಿಂತಿದೆ.

ಕಿಲ್ಲರಿ ಕೊಲ್ಲಿಯ ಆಚೆ ದಡದ ಇಳಿಜಾರಿನಲ್ಲಿ ಇಳಿಬಿಸಿಲು ಓರೆಯಾಗಿ ಬಿದ್ದಾಗ ಹುಲ್ಲಿನ ಕೆಳಗಿಂದ ಸಾಲು ಸಾಲು ಏರುಮಡಿಗಳು ಎದ್ದು ಕಾಣುತ್ತವೆ. ಜನರೇ ವಾಸವಿಲ್ಲದ ಎತ್ತರದಲ್ಲೂ ಇವೆ. ಕ್ಷಾಮಕ್ಕೆ ಮುಂಚೆ ಆಲೂಗಡ್ಡೆ ಬೆಳೆಯುತ್ತಿದ್ದ ಮಡಿಗಳು ಇವು. 1845ರಲ್ಲಿ ಬೆಳೆಗೆ ಅಂಗಮಾರಿ ಬಿತ್ತು. 1852ರ ಹೊತ್ತಿಗೆ ಸುಮಾರು ಹತ್ತು ಲಕ್ಷ ಜನ ಸತ್ತಿದ್ದರು, ಅಷ್ಟೇ ಮಂದಿ ಹಡಗು ಹತ್ತಿದ್ದರು. 1841ರಲ್ಲಿ ಈ ದ್ವೀಪದಲ್ಲಿ ಸುಮಾರು 82 ಲಕ್ಷ ಜನರಿದ್ದರು, 1851ರಲ್ಲಿ 65 ಲಕ್ಷ.

ಹಾಸನದ ಕಡೆಯ ರೈತರೊಬ್ಬರು ಒಮ್ಮೆ ಗುಂಪಿನಲ್ಲಿದ್ದರು. ಅಂಗಮಾರಿ ಎಂದ ಕೂಡಲೇ ಅವರು ಎದ್ದು ಮುಂದೆ ಬಂದು, ಮೋಡ ಮುಚ್ಚಿದ ನಾಲ್ಕು ದಿನದಲ್ಲಿ ಎಲೆ ಹೇಗೆ ಕಪ್ಪಾಗುತ್ತದೆ, ಗೆಡ್ಡೆ ಕಿತ್ತಾಗ ಎಂಥ ನಾತ ಬರುತ್ತದೆ ಎಂದು ಮೈಕಿನಲ್ಲಿ ಹೇಳಿದರು. ಅವರು ಹೇಳಿದ್ದಕ್ಕೆ ನಾನು ಏನೂ ಸೇರಿಸಬೇಕಾಗಿರಲಿಲ್ಲ. ಅಂದಿನಿಂದ ಗುಂಪಿನಲ್ಲಿ ಕೃಷಿಯವರು ಯಾರಿದ್ದಾರೆ ಎಂದು ಮೊದಲೇ ಕೇಳಿಟ್ಟುಕೊಳ್ಳುತ್ತೇನೆ.

ಡ್ರೈವರಿಗೂ ಮೈಕು ಕೊಡಿ. ಕೆರ್ರಿಯವರ ಇಂಗ್ಲಿಷ್ ನಮ್ಮವರ ಕಿವಿಗೆ ಬೇಗ ಹತ್ತುವುದಿಲ್ಲ. ಅವರು ಹೇಳಿದ್ದನ್ನು ಕನ್ನಡದಲ್ಲಿ ಎರಡೇ ವಾಕ್ಯದಲ್ಲಿ ಹೇಳಿ ಸಾಕುಮಾಡಿ.

7. ನಮ್ಮೂರಿನ ಎಳೆಗಳನ್ನು ಹೇಳದೆ ಬಿಡಬೇಡಿ

ಗಾಲ್ವೇ ಸೇರುವ ಮುಂಚೆ ನಾನು ಸವಿತಾ ಹಾಲಪ್ಪನವರ ಹೆಸರು ಹೇಳುತ್ತೇನೆ. ಬೆಳಗಾವಿಯಲ್ಲಿ ಬೆಳೆದ ದಂತವೈದ್ಯೆ, 31 ವರ್ಷ. ಗರ್ಭ ಉಳಿಯುವುದಿಲ್ಲ ಎಂದು ತಿಳಿದ ಮೇಲೂ ಗರ್ಭಪಾತದ ಕೋರಿಕೆಗೆ ಒಪ್ಪಿಗೆ ಸಿಗದೆ, ಸೋಂಕು ನಂಜಾಗಿ, 2012ರ ಅಕ್ಟೋಬರ್ 28ರಂದು ಇದೇ ಊರಲ್ಲಿ ತೀರಿಕೊಂಡರು. ಐರ್ಲೆಂಡಿನ ಜನ ಬೀದಿಗಿಳಿದರು. 2018ರ ಮೇ ತಿಂಗಳ ಜನಮತಗಣನೆಯಲ್ಲಿ ಗರ್ಭಪಾತ ನಿಷೇಧದ ಸಾಂವಿಧಾನಿಕ ತಿದ್ದುಪಡಿಯನ್ನೇ ತೆಗೆದುಹಾಕಿದರು. ರಜೆಗೆ ಬಂದವರ ಮುಂದೆ ಇದೆಲ್ಲ ಯಾಕೆ ಎಂದು ಕೇಳಿದವರಿದ್ದಾರೆ. ಈ ದೇಶದ ಕಾನೂನು ಬದಲಿಸಿದ ನಮ್ಮ ಹೆಣ್ಣುಮಗಳ ಹೆಸರೆತ್ತದೆ ಕನ್ನಡಿಗರ ಬಸ್ಸೊಂದು ಗಾಲ್ವೇ ದಾಟುವುದು ನನಗೆ ಒಪ್ಪುವುದಿಲ್ಲ.

ಇನ್ನೊಂದು ಎಳೆ ಸಂತೋಷದ್ದು. ಡಬ್ಲಿನ್ನಿನಿಂದ ಸ್ಲೈಗೋಗೆ ಹೋಗುವ ದಾರಿಯ ಬಾಯ್ಲ್ ಊರಿನವರು ಮಾರ್ಗರೆಟ್ ಕಸಿನ್ಸ್. 1919ರಲ್ಲಿ ಮದನಪಲ್ಲಿಯಲ್ಲಿ ‘ಜನ ಗಣ ಮನ’ದ ಸ್ವರಲಿಪಿಗೆ ನೆರವಾದವರು. ಅವರ ಪತಿ, ಬೆಲ್‌ಫಾಸ್ಟಿನ ಕವಿ ಜೇಮ್ಸ್ ಕಸಿನ್ಸ್, 1924ರಲ್ಲಿ ಮೈಸೂರಿನಲ್ಲಿ ತಮ್ಮ ಇಂಗ್ಲಿಷ್ ಪದ್ಯಗಳನ್ನು ತೋರಿಸಲು ಬಂದ ಪುಟ್ಟಪ್ಪ ಎಂಬ ವಿದ್ಯಾರ್ಥಿಗೆ ನಿಮ್ಮ ಭಾಷೆಯಲ್ಲೇ ಬರೆಯಿರಿ ಎಂದರು. ಕುವೆಂಪು ಕನ್ನಡಕ್ಕೆ ತಿರುಗಿದ ಈ ಕಥೆ ನಮ್ಮ ಮೇಷ್ಟ್ರುಗಳಿಗೆ ಗೊತ್ತೇ ಇರುತ್ತದೆ, ಅವರಿಂದಲೇ ಹೇಳಿಸಿ.

8. ಕುರಿನಾಯಿ ಪ್ರದರ್ಶನವನ್ನು ಕೈಬಿಡಬೇಡಿ

ಹೊತ್ತು ಸಾಲದಿದ್ದರೆ ಕೋಟೆಯೊಂದನ್ನು ಬಿಡಿ, ಇದನ್ನಲ್ಲ. ಕುರಿಗಾಹಿ ಕೆಳಗೆ ನಿಂತಿರುತ್ತಾನೆ, ನಾಯಿ ಅರ್ಧ ಮೈಲಿ ಮೇಲೆ ಬೆಟ್ಟದಲ್ಲಿ. ‘ಕಮ್ ಬೈ’ ಎಂದರೆ ಹಿಂಡನ್ನು ಪ್ರದಕ್ಷಿಣೆಯಾಗಿ ಸುತ್ತಬೇಕು, ‘ಅವೇ’ ಎಂದರೆ ಅಪ್ರದಕ್ಷಿಣೆ. ದೂರ ಹೆಚ್ಚಾದಾಗ ಸಿಳ್ಳೆ. ಎರಡು ನಾಯಿಗಳಿದ್ದರೆ ಒಂದೊಂದಕ್ಕೂ ಬೇರೆ ಸಿಳ್ಳೆ. ಒಂದು ಓಡುವಾಗ ಇನ್ನೊಂದು ಹೊಟ್ಟೆ ನೆಲಕ್ಕಂಟಿಸಿ, ಕಿವಿ ಅಲ್ಲಾಡಿಸದೆ ಕಾಯುತ್ತದೆ. ಮೊಣಕಾಲು ನೋವಿನಿಂದ ಎಲ್ಲಿಯೂ ಇಳಿಯದ ಅಜ್ಜಿಯರು ಕೂಡ ಇಲ್ಲಿ ಇಳಿದು ಕಟ್ಟೆಯ ಮೇಲೆ ಕೂರುತ್ತಾರೆ.

9. ಊಟದ ಮಾತನ್ನು ಹೊರಡುವ ಮುಂಚೆ ಮುಗಿಸಿ

‘ವೆಜಿಟೇರಿಯನ್’ ಎಂದಷ್ಟೇ ಬರೆದರೆ ಮೊಟ್ಟೆ ಬರುತ್ತದೆ, ಕೆಲವೆಡೆ ಮೀನು ತಿನ್ನುತ್ತೀರಾ ಎಂದೂ ಕೇಳುತ್ತಾರೆ. ಮಾಂಸ, ಮೀನು, ಮೊಟ್ಟೆ, ಜೆಲಟಿನ್, ಮೂಳೆ ಬೇಯಿಸಿದ ನೀರಿನ ಸೂಪು ಬೇಡ ಎಂದು ಹೋಟೆಲಿಗೆ ಬಿಡಿಸಿ ಬರೆಯಿರಿ. ತರಕಾರಿ ಸೂಪಿಗೂ ಕೋಳಿ ಬೇಯಿಸಿದ ನೀರು ಹಾಕುವುದುಂಟು.

ಪ್ರತಿ ರಾತ್ರಿ ಇಂಡಿಯನ್ ರೆಸ್ಟೊರೆಂಟ್ ಹುಡುಕುವುದನ್ನು ನಾನು ಬಿಟ್ಟಿದ್ದೇನೆ. ಮಧ್ಯಾಹ್ನ ಹಳ್ಳಿ ಪಬ್ಬಿನ ಬಿಸಿ ಸೂಪು, ಬ್ರೌನ್ ಬ್ರೆಡ್ಡು, ಅಲ್ಲಿನ ಬೆಣ್ಣೆ ಒಳ್ಳೆಯ ಊಟ. ರಾತ್ರಿ ಊಟ ಏಳು ಗಂಟೆಗೇ ಮುಗಿಯಲಿ. ಜೂನ್‌ನಲ್ಲಿ ಪಶ್ಚಿಮ ಕರಾವಳಿಯಲ್ಲಿ ಸೂರ್ಯ ಮುಳುಗುವುದು ಹತ್ತು ಗಂಟೆ ಹೊತ್ತಿಗೆ, ನಡೆದಾಡಲು ಎರಡು ಮೂರು ಗಂಟೆ ಬೆಳಕು ಸಿಗುತ್ತದೆ. ಕೋಣೆಯಲ್ಲಿ ಕೆಟಲ್ ಇರುತ್ತದೆ, ಅವಲಕ್ಕಿ, ಚಟ್ನಿಪುಡಿ ತನ್ನಿ. ತುಪ್ಪ, ಪೇಡ, ಕುಂದಾ ಬೇಡ. ಹೊರದೇಶದಿಂದ ಹಾಲಿನ ಪದಾರ್ಥ ತರುವುದಕ್ಕೆ ಐರೋಪ್ಯ ಒಕ್ಕೂಟದಲ್ಲಿ ನಿಷೇಧವಿದೆ.

10. ಪಬ್ಬಿಗೆ ಕುಡಿಯದವರೂ ಬರಲಿ

ಮೂಲೆಯ ಮೇಜಿನ ಸುತ್ತ ಪಿಟೀಲು, ಕೊಳಲು, ಕನ್ಸರ್ಟಿನಾ, ಬೋರಾನ್ ಎಂಬ ಮೇಕೆಚರ್ಮದ ತಮಟೆ. ಸಂಗೀತಗಾರರು ಮುಖಕ್ಕೆ ಮುಖ ಕೊಟ್ಟು ತಮಗಾಗಿ ನುಡಿಸಿಕೊಳ್ಳುತ್ತಾರೆ, ನಾವು ಪಕ್ಕದಲ್ಲಿ ಕೂತು ಕೇಳುವುದು. ಅವರ ಹತ್ತಿರದ ಖಾಲಿ ಕುರ್ಚಿ ತಡವಾಗಿ ಬರುವ ಇನ್ನೊಬ್ಬ ವಾದ್ಯದವರಿಗೆ, ಅಲ್ಲಿ ಕೂರಬಾರದು. ಒಂದು ಕಿತ್ತಳೆ ರಸ ಕೊಂಡರೂ ಸಾಕು. ಮೈಸೂರಿನ ವೀಣೆ ಟೀಚರೊಬ್ಬರು ಬೆರಳೆಣಿಸುತ್ತಾ ಕೂತಿದ್ದು, ಒಂದೊಂದು ಧಾಟಿಗೂ ಎರಡು ಭಾಗ, ಪ್ರತಿ ಭಾಗ ಎರಡೆರಡು ಸಲ ಎಂದು ತಾವೇ ಕಂಡುಹಿಡಿದರು. ಆ ಮೇಲೆ ಇಡೀ ಗುಂಪೇ ಧಾಟಿ ಬದಲಾಗುವ ಕ್ಷಣಕ್ಕೆ ಕಾಯತೊಡಗಿತು. ಮೊಮ್ಮಕ್ಕಳಿದ್ದರೆ ಗಮನವಿರಲಿ: 18 ತುಂಬದವರು ಬಾರಿನಲ್ಲಿ ರಾತ್ರಿ 9ರ ನಂತರ ಇರುವಂತಿಲ್ಲ, ಮೇ ತಿಂಗಳಿಂದ ಸೆಪ್ಟೆಂಬರ್‌ವರೆಗೆ 10.

11. ಉತ್ತರಕ್ಕೆ ಹೋಗುವುದಾದರೆ ವೀಸಾ ಮತ್ತೊಮ್ಮೆ ನೋಡಿ

ಷೆಂಗೆನ್ ವೀಸಾ ಐರ್ಲೆಂಡಿಗೆ ನಡೆಯುವುದಿಲ್ಲ. ಜೈಂಟ್ಸ್ ಕಾಸ್‌ವೇ ಇರುವ ಉತ್ತರ ಐರ್ಲೆಂಡ್ ಬ್ರಿಟನ್ನಿನದು. ಗಡಿಯಲ್ಲಿ ಸಾಮಾನ್ಯವಾಗಿ ಯಾರೂ ಬಸ್ಸು ನಿಲ್ಲಿಸುವುದಿಲ್ಲ, ವೇಗದ ಫಲಕ ಮೈಲಿಗೆ ತಿರುಗಿದ್ದೇ ಗುರುತು. ಹಾಗೆಂದು ವೀಸಾ ಬೇಡ ಎಂದಲ್ಲ. ಭಾರತೀಯರಿಗೆ ಎರಡೂ ಕಡೆ ಸಲ್ಲುವ ಒಂದೇ ವೀಸಾದ ಯೋಜನೆ ಇದೆ. ಆದರೆ ಅದರ ಮೇಲೆ ‘ಬಿಐವಿಎಸ್’ ಎಂದು ನಮೂದಾಗಿರಬೇಕು, ವೀಸಾ ಕೊಟ್ಟ ದೇಶಕ್ಕೇ ಮೊದಲು ಇಳಿಯಬೇಕು.

12. ಡ್ರೈವರ್ ಕವರು ಕೊನೆಯ ದಿನದ ಹಿಂದಿನ ರಾತ್ರಿಯೇ ಸಿದ್ಧವಾಗಲಿ

ಏರ್‌ಪೋರ್ಟಿನಲ್ಲಿ ಟ್ರಾಲಿ, ಟರ್ಮಿನಲ್ ಎಂದು ಎಲ್ಲರೂ ಚದುರಿಬಿಡುತ್ತಾರೆ. ಟಿಪ್ಸ್ ಸಂಗ್ರಹಿಸುವ ಕೆಲಸವನ್ನು ಗುಂಪಿನ ಹಿರಿಯರೊಬ್ಬರಿಗೆ ವಹಿಸಿ, ಟೂರ್ ಮ್ಯಾನೇಜರ್ ಅದರಲ್ಲಿ ಕೈಹಾಕಬಾರದು. ಕೊನೆಯ ಬೆಳಿಗ್ಗೆ ಬಸ್ಸು ಹೊರಡುವ ಮುಂಚೆ, ಎಲ್ಲರೂ ಸೀಟಿನಲ್ಲಿರುವಾಗಲೇ ಕೊಡಿಸಿ. ಕೊಡುವವರು ಮೈಕು ಹಿಡಿದು ಕನ್ನಡದಲ್ಲೇ ಮಾತಾಡಲಿ, ಡ್ರೈವರಿಗೆ ಇಂಗ್ಲಿಷಿನಲ್ಲಿ ಹೇಳುವುದು ನಮ್ಮ ಕೆಲಸ.