ಸಂಗೀತದ ತಟ್ಟೆಯೂ ನಮ್ಮ ಕಿವಿಯೂ

ಸಂಗೀತಪ್ರಿಯರಿಬ್ಬರು ಸೇರಿದಲ್ಲಿ ಮಾತು ಬಹುಬೇಗ "ಈಚೆಗೆ ಏನು ಕೇಳುತ್ತಿದ್ದೀರಿ?" ಎಂಬ ಪ್ರಶ್ನೆಗೆ ಬಂದು ನಿಲ್ಲುತ್ತದೆ. ಒಬ್ಬರು ತಾವು ಮೆಚ್ಚಿದ ಆಲ್ಬಮ್ಮನ್ನು ಬಾಯಿತುಂಬ ಹೊಗಳುತ್ತಾರೆ. ಇನ್ನೊಬ್ಬರು ಅದನ್ನು ಕೇಳಿ, "ಅಷ್ಟೇನೂ ಹಿಡಿಸಲಿಲ್ಲ" ಎನ್ನುತ್ತಾರೆ. ರುಚಿಭೇದವು ಸಹಜವೇ ಸರಿ. ಆದರೆ ಆ ತೀರ್ಪಿನಲ್ಲಿ ರುಚಿಯ ಪಾಲೆಷ್ಟು, ಸಂಗೀತವನ್ನು ಹೊತ್ತು ತಂದ ತಟ್ಟೆಯ ಪಾಲೆಷ್ಟು, ಕೇಳಿದ ಕಿವಿಯ ಪಾಲೆಷ್ಟು? ಇದನ್ನು ವಿಚಾರಿಸದೆ ತೀರ್ಪು ಕೊಟ್ಟರೆ ಕಲಾವಿದನಿಗೂ ಅನ್ಯಾಯ, ಶಿಫಾರಸು ಮಾಡಿದ ಗೆಳೆಯನಿಗೂ ಅನ್ಯಾಯ. ಇದು ಭೌತಶಾಸ್ತ್ರವು ಬಹುಮಟ್ಟಿಗೆ ಉತ್ತರಿಸಬಲ್ಲ ಪ್ರಶ್ನೆಯಾದುದರಿಂದ ಇಲ್ಲಿ ಅದನ್ನು ಪರಿಶೀಲಿಸೋಣ.

ಮೊದಲು 'ಆಲ್ಬಮ್' ಎಂಬ ಹೆಸರನ್ನೇ ನೋಡೋಣ. ಹಳೆಯ ಅರಗಿನ ತಟ್ಟೆಯ ಒಂದು ಮುಖದಲ್ಲಿ ಮೂರು ನಾಲ್ಕು ನಿಮಿಷಗಳ ಸಂಗೀತ ಮಾತ್ರ ಹಿಡಿಸುತ್ತಿತ್ತು. ದೀರ್ಘವಾದ ಕೃತಿಯನ್ನು ಹಲವು ತಟ್ಟೆಗಳಿಗೆ ಹಂಚಿ, ಅವುಗಳನ್ನು ಚಿತ್ರಗಳ ಆಲ್ಬಮ್ಮಿನಂತೆ ರಟ್ಟು ಕಟ್ಟಿದ ಪುಸ್ತಕದ ಚೀಲಗಳಲ್ಲಿ ಸೇರಿಸಿ ಮಾರುತ್ತಿದ್ದರು. ಆ ಪುಸ್ತಕದ ಹೆಸರೇ ಮುಂದೆ ಒಂದೇ ತಟ್ಟೆಗೂ, ಈಗ ತಟ್ಟೆಯೇ ಇಲ್ಲದ ಗೀತಗುಚ್ಛಕ್ಕೂ ಉಳಿದು ಬಂದಿದೆ.

ಮೂರು ನಾಲ್ಕು ನಿಮಿಷಗಳೆಂಬ ಮಿತಿ ಎಲ್ಲಿಂದ ಬಂದಿತು? ಗ್ರಾಮಾಫೋನ್ ತಟ್ಟೆಯ ಮೇಲೆ ಹೊರ ಅಂಚಿನಿಂದ ಒಳಕ್ಕೆ ಸಾಗುವ ಒಂದೇ ಒಂದು ಸುರುಳಿ ಗೀರು ಇರುತ್ತದೆ. ಧ್ವನಿಯ ಕಂಪನಗಳು ಆ ಗೀರಿನ ಗೋಡೆಯಲ್ಲಿ ಅಂಕುಡೊಂಕುಗಳಾಗಿ ಮೂಡಿರುತ್ತವೆ. ಹತ್ತು ಅಂಗುಲದ ತಟ್ಟೆಯಲ್ಲಿ ಗೀರಿಗೆ ದೊರೆಯುವ ಪಟ್ಟೆಯ ಅಗಲ ಸುಮಾರು ಎರಡೂಮುಕ್ಕಾಲು ಅಂಗುಲ. ಅಂಗುಲವೊಂದಕ್ಕೆ ಸುಮಾರು 100 ಸುತ್ತುಗಳಂತೆ ಎಣಿಸಿದರೆ ಒಟ್ಟು 275 ಸುತ್ತುಗಳಾದವು. ತಟ್ಟೆಯು ನಿಮಿಷಕ್ಕೆ 78 ಸಲ ತಿರುಗುವುದರಿಂದ 275ನ್ನು 78ರಿಂದ ಭಾಗಿಸಿದರೆ ಸುಮಾರು ಮೂರೂವರೆ ನಿಮಿಷ ಬರುತ್ತದೆ.

ಈ ಮೂರೂವರೆ ನಿಮಿಷಗಳೊಳಗೆ ರಾಗವೊಂದನ್ನು ಹಿಡಿದಿಡುವುದು ಎಂತಹ ಕೆಲಸವೆಂಬುದನ್ನು ಊಹಿಸಿಕೊಳ್ಳಿ. 1902ರಲ್ಲಿ ಕಲ್ಕತ್ತೆಯಲ್ಲಿ ಗ್ರಾಮಾಫೋನ್ ಕಂಪೆನಿಯ ಫ್ರೆಡ್ ಗೈಸ್ಬರ್ಗ್ ಅವರು ಗೌಹರ್ ಜಾನ್ ಅವರ ಹಾಡುಗಾರಿಕೆಯನ್ನು ಮುದ್ರಿಸಿಕೊಂಡರು. ಗಂಟೆಗಟ್ಟಲೆ ಹಾಡಬಲ್ಲ ಆ ವಿದುಷಿ ಆಲಾಪ, ಚೀಜು, ತಾನಗಳೆಲ್ಲವನ್ನೂ ಕೆಲವೇ ನಿಮಿಷಗಳಲ್ಲಿ ಅಡಕಗೊಳಿಸಿ, ಕೊನೆಗೆ ತಮ್ಮ ಹೆಸರನ್ನೂ ಇಂಗ್ಲಿಷಿನಲ್ಲಿ ಹೇಳಿ ಮುಗಿಸುತ್ತಿದ್ದರು. 1928ರಲ್ಲಿ ಅವರು ಮೈಸೂರಿನ ಆಸ್ಥಾನ ವಿದುಷಿಯಾಗಿ ಬಂದು, 1930ರಲ್ಲಿ ಅಲ್ಲಿಯೇ ನಿಧನರಾದರು. ಅವರ ಹಳೆಯ ಮುದ್ರಿಕೆಯನ್ನು ಇಂದು ಕೇಳಿ "ರಾಗವನ್ನು ವಿಸ್ತರಿಸಲೇ ಇಲ್ಲವಲ್ಲ" ಎನ್ನುವವರು ಗಾಯಕಿಯನ್ನಲ್ಲ, ಗೀರಿನ ಉದ್ದವನ್ನು ದೂರಬೇಕು.

1948ರಲ್ಲಿ ಅಮೆರಿಕದ ಕೊಲಂಬಿಯ ಕಂಪೆನಿಯು ದೀರ್ಘವಾದನದ ತಟ್ಟೆಯನ್ನು ಹೊರತಂದಿತು. ಅರಗಿಗೆ ಬದಲು ನಯವಾದ ವಿನೈಲ್ ಬಂದಿತು. ವೇಗವು ನಿಮಿಷಕ್ಕೆ ಮೂವತ್ತಮೂರೂ ಮೂರನೆಯ ಒಂದು ಸುತ್ತಿಗೆ ಇಳಿಯಿತು. ಗೀರು ಬಹು ಸಣ್ಣದಾಯಿತು. ಹನ್ನೆರಡು ಅಂಗುಲದ ತಟ್ಟೆಯಲ್ಲಿ ಮೂರು ಅಂಗುಲಕ್ಕೆ ಮಿಗಿಲಾದ ಪಟ್ಟೆಯಿದ್ದು, ಅಂಗುಲಕ್ಕೆ ಸುಮಾರು 225 ಸುತ್ತುಗಳಿದ್ದರೆ, ಮೇಲಿನ ಲೆಕ್ಕದಂತೆಯೇ ಒಂದು ಮುಖಕ್ಕೆ ಸುಮಾರು 22 ನಿಮಿಷಗಳಾಗುತ್ತವೆ. ವಾಚಕರು ಇದನ್ನು ತಾವೇ ಮಾಡಿ ನೋಡಬಹುದು.

ಈ 22 ನಿಮಿಷಗಳ ಫಲವನ್ನು ನಮ್ಮ ಸಂಗೀತವು ಬೇಗನೆ ಉಂಡಿತು. 1955ರಲ್ಲಿ ನ್ಯೂಯಾರ್ಕಿನಲ್ಲಿ ಅಲಿ ಅಕ್ಬರ್ ಖಾನರ ಸರೋದ್ ವಾದನವನ್ನು ಚತುರ್ ಲಾಲರ ತಬಲದೊಡನೆ ಮುದ್ರಿಸಿ, ಬೆಳಗಿನ ಮತ್ತು ಸಂಜೆಯ ರಾಗಗಳೆಂಬ ಹೆಸರಿನಲ್ಲಿ ಏಂಜಲ್ ಕಂಪೆನಿಯವರು ಪ್ರಕಟಿಸಿದರು. ಮುಖಕ್ಕೊಂದು ರಾಗ. ಅದರಲ್ಲಿ ಪಿಟೀಲು ವಾದಕ ಯೆಹೂದಿ ಮೆನುಹಿನ್ನರು ತಾವೇ ಮಾತನಾಡಿ ಈ ಸಂಗೀತವನ್ನು ಪಾಶ್ಚಾತ್ಯ ಶ್ರೋತೃಗಳಿಗೆ ಪರಿಚಯಿಸಿದ್ದಾರೆ. ಸಂಗೀತಪ್ರಿಯರು ಪರಸ್ಪರ ಮಾಡಿಕೊಳ್ಳುವ ಶಿಫಾರಸು ಇಲ್ಲಿ ಗೀರಿನಲ್ಲಿಯೇ ಮುದ್ರಿತವಾಗಿದೆ ಎನ್ನಬಹುದು.

ಆದರೆ ದೀರ್ಘವಾದನದ ತಟ್ಟೆಗೂ ಒಂದು ಕಷ್ಟವಿದೆ. ತಟ್ಟೆಯ ಸುತ್ತುಗಳ ಸಂಖ್ಯೆ ಸ್ಥಿರವಾಗಿದ್ದರೂ ಸೂಜಿಯ ಕೆಳಗೆ ಗೀರು ಸರಿಯುವ ವೇಗ ಸ್ಥಿರವಲ್ಲ. ಹೊರ ಅಂಚಿನಲ್ಲಿ ಅದು ಸೆಕೆಂಡಿಗೆ ಸುಮಾರು 51 ಸೆಂಟಿಮೀಟರು. ಒಳ ಅಂಚಿನಲ್ಲಿ 21 ಸೆಂಟಿಮೀಟರು ಮಾತ್ರ. ಸೆಕೆಂಡಿಗೆ 10,000 ಕಂಪನಗಳ ತಾರಧ್ವನಿಯನ್ನು ತೆಗೆದುಕೊಂಡರೆ, ಒಂದು ಕಂಪನಕ್ಕೆ ಹೊರಗೆ 0.051 ಮಿಲಿಮೀಟರು ಜಾಗ ಸಿಕ್ಕರೆ ಒಳಗೆ 0.021 ಮಿಲಿಮೀಟರು ಸಿಗುತ್ತದೆ. ಆರಂಭದ ಸೂಜಿಗಳ ಮೊನೆಯ ತ್ರಿಜ್ಯವೇ ಸುಮಾರು 0.025 ಮಿಲಿಮೀಟರು! ದಪ್ಪ ಬೆರಳಿನಿಂದ ಸಣ್ಣ ಅಕ್ಷರವನ್ನು ತಡವಿ ಓದಿದಂತೆ, ಸೂಜಿಯು ಅಲ್ಲಿನ ಅಂಕುಡೊಂಕುಗಳನ್ನು ಪೂರ್ತಿಯಾಗಿ ಅನುಸರಿಸಲಾರದು; ಧ್ವನಿ ಮಂಕಾಗುತ್ತದೆ, ಒಡೆಯುತ್ತದೆ.

ಮಂದ್ರಧ್ವನಿಯ ಕಷ್ಟ ಬೇರೊಂದು ಬಗೆಯದು. ಗಟ್ಟಿಯಾದ ಮಂದ್ರಸ್ವರಗಳು ಗೀರನ್ನು ಅಕ್ಕಪಕ್ಕಕ್ಕೆ ಬಹಳ ಓಲಾಡಿಸುತ್ತವೆ. ಓಲಾಟ ಹೆಚ್ಚಿದಂತೆ ಪಕ್ಕದ ಸುತ್ತಿಗೆ ತಗುಲದಂತೆ ಹೆಚ್ಚು ಜಾಗ ಬಿಡಬೇಕಾಗಿ, ತಟ್ಟೆಯ ಅವಧಿ ತಗ್ಗುತ್ತದೆ. ಆದುದರಿಂದ ಮುದ್ರಿಸುವಾಗ ಮಂದ್ರವನ್ನು ತಗ್ಗಿಸಿ ತಾರವನ್ನು ಏರಿಸುತ್ತಾರೆ. ನುಡಿಸುವಾಗ ಯಂತ್ರವು ಇದನ್ನು ತಿರುಗುಮುರುಗು ಮಾಡಿ ಸರಿದೂಗಿಸುತ್ತದೆ. ಇದಕ್ಕೆ 1954ರಲ್ಲಿ ಅಮೆರಿಕದ ಮುದ್ರಿಕೆ ಉದ್ಯಮವು ಒಂದು ಸಾಮಾನ್ಯ ಕ್ರಮವನ್ನು ಗೊತ್ತುಪಡಿಸಿತು.

ಇದರಿಂದ ಆಲ್ಬಮ್ಮಿನ ಜೋಡಣೆಯ ಒಂದು ಗುಟ್ಟು ತಿಳಿಯುತ್ತದೆ. ಅಬ್ಬರದ ಹಾಡನ್ನು ಮುಖದ ಆರಂಭಕ್ಕೂ ಮೆಲುದನಿಯದನ್ನು ಕೊನೆಗೂ ಇಡುವುದು ಅನೇಕ ತಟ್ಟೆಗಳಲ್ಲಿ ರೂಢಿಯಾಗಿತ್ತು. ಕಲಾವಿದನ ಅಭಿರುಚಿಯ ಜೊತೆಗೆ ಸೂಜಿಯ ಶಕ್ತಿಯೂ ಆ ಕ್ರಮವನ್ನು ನಿರ್ಧರಿಸುತ್ತಿತ್ತು. 1982ರಲ್ಲಿ ಮಾರುಕಟ್ಟೆಗೆ ಬಂದ ಸಿ.ಡಿ.ಯು ಧ್ವನಿಯನ್ನು ಸೆಕೆಂಡಿಗೆ 44,100 ಸಲ ಅಳೆದು ಸಂಖ್ಯೆಗಳಾಗಿ ಬರೆದಿಡುವುದರಿಂದ ಅದಕ್ಕೆ ಒಳ ಅಂಚಿನ ಈ ದೋಷವಿಲ್ಲ. ಇಂದು ಗೆಳೆಯರು ಫೋನಿನಲ್ಲಿ ಕಳುಹಿಸುವ ಹಾಡಿಗೆ ಅಂಚೇ ಇಲ್ಲ. ಆದರೂ ಹಳೆಯ ಆಲ್ಬಮ್ಮೊಂದರ ನಡುವಿನ ಒಂದು ಹಾಡನ್ನು ಕಿತ್ತು ಕೇಳಿದರೆ, ಎರಡು ಮುಖಗಳ ಏರಿಳಿತವನ್ನು ಎಣಿಸಿ ಕಟ್ಟಿದ ಮಾಲೆಯ ಒಂದು ಹೂವನ್ನಷ್ಟೇ ಮೂಸಿದಂತಾಗುತ್ತದೆ.

ಇನ್ನು ಕಿವಿಯ ಪಾಲು. 1933ರಲ್ಲಿ ಬೆಲ್ ಪ್ರಯೋಗಾಲಯದ ಫ್ಲೆಚರ್ ಮತ್ತು ಮನ್ಸನ್ ಎಂಬ ವಿಜ್ಞಾನಿಗಳು ಒಂದು ಮುಖ್ಯ ವಿಷಯವನ್ನು ಅಳೆದು ತೋರಿಸಿದರು. ಎಲ್ಲ ಆವೃತ್ತಿಗಳ ಧ್ವನಿಗೂ ನಮ್ಮ ಕಿವಿ ಒಂದೇ ಬಗೆಯಾಗಿ ಸ್ಪಂದಿಸುವುದಿಲ್ಲ. ಸದ್ದು ತಗ್ಗಿದಾಗ ಮಂದ್ರಸ್ವರಗಳು ನಡುವಿನ ಸ್ವರಗಳಿಗಿಂತ ಬೇಗ ಅಡಗಿಹೋದಂತೆ ಕೇಳುತ್ತವೆ. ಸದ್ದು ಏರಿದಾಗ ಅವು ತುಂಬಿಕೊಂಡು ಬರುತ್ತವೆ. ಆದುದರಿಂದ ಒಂದೇ ಮುದ್ರಿಕೆಯನ್ನು ಒಂದೆರಡು ಡೆಸಿಬಲ್ಲುಗಳಷ್ಟು ಹೆಚ್ಚಿಸಿ ಕೇಳಿಸಿದರೆ, ಕೇಳುಗನು "ಸದ್ದು ಹೆಚ್ಚಾಯಿತು" ಎನ್ನದೆ "ಇದು ಇನ್ನೂ ಚೆನ್ನಾಗಿದೆ" ಎನ್ನುವ ಸಂಭವವೇ ಹೆಚ್ಚು.

ಕಿವಿಯ ಈ ದೌರ್ಬಲ್ಯವನ್ನು ತಯಾರಕರು ಬಲ್ಲರು. 1990ರ ದಶಕದಿಂದ ಈಚೆಗೆ ಅನೇಕ ಸಿ.ಡಿ.ಗಳಲ್ಲಿ ಮೆಲುದನಿಯನ್ನು ಎತ್ತಿ, ಗಟ್ಟಿದನಿಯನ್ನು ಅದುಮಿ, ಎಲ್ಲವನ್ನೂ ಒಂದೇ ಎತ್ತರಕ್ಕೆ ತಂದು ಮುದ್ರಿಸುವುದು ವಾಡಿಕೆಯಾಯಿತು. ಮೊದಲ ಕ್ಷಣದಲ್ಲಿ ಇಂತಹ ಮುದ್ರಿಕೆ ಮನಸೆಳೆಯುತ್ತದೆ. ಆದರೆ ಪಿಸುಮಾತಿಗೂ ಕೂಗಿಗೂ ಅಂತರವಿಲ್ಲದ ಸಂಗೀತವು ಸ್ವಲ್ಪ ಹೊತ್ತಿನಲ್ಲಿಯೇ ಬೇಸರ ತರುತ್ತದೆ. ಸಂಯಮದಿಂದ ಮುದ್ರಿಸಿದ ಒಳ್ಳೆಯ ಆಲ್ಬಮ್ಮು ಅದರ ಪಕ್ಕದಲ್ಲಿ ಸಪ್ಪೆಯೆನಿಸಿ ಮೂಲೆ ಸೇರುವುದೇ ಇಲ್ಲಿನ ನಷ್ಟ.

ಇದನ್ನು ಪರೀಕ್ಷಿಸಲು ವಿದ್ಯಾರ್ಥಿಗಳು ಒಂದು ಸುಲಭ ಪ್ರಯೋಗ ಮಾಡಬಹುದು. ಮೂವರು ಸ್ನೇಹಿತರು ಸೇರಿ, ಒಂದೇ ಕೃತಿಯ ಎರಡು ಮುದ್ರಿಕೆಗಳನ್ನು ಆರಿಸಿಕೊಳ್ಳಿ. ಒಬ್ಬನು ಯಂತ್ರದ ಬಳಿ ಕುಳಿತು, ಫೋನಿನ ಸದ್ದು ಅಳೆಯುವ ಸಾಧನದಿಂದ ಎರಡರ ಮಟ್ಟವನ್ನೂ ಸಮಮಾಡಲಿ. ಉಳಿದಿಬ್ಬರು ಬೆನ್ನು ತಿರುಗಿಸಿ ಕುಳಿತು, ಯಾವುದು ಯಾವುದೆಂದು ತಿಳಿಯದೆ ಹತ್ತು ಸಲ ಕೇಳಿ, ತಮ್ಮ ಆಯ್ಕೆಯನ್ನು ಪ್ರತ್ಯೇಕವಾಗಿ ಬರೆದಿಡಲಿ. ಮತ್ತೆ ಒಂದರ ಸದ್ದನ್ನು ಗುಟ್ಟಾಗಿ ಎರಡು ಡೆಸಿಬಲ್ ಏರಿಸಿ ಇದನ್ನೇ ಮಾಡಲಿ. ಎರಡು ಪಟ್ಟಿಗಳನ್ನು ಹೋಲಿಸಿದರೆ ರುಚಿಯ ಪಾಲೂ ಸದ್ದಿನ ಪಾಲೂ ಬೇರೆ ಬೇರೆಯಾಗಿ ಕಾಣತೊಡಗುತ್ತವೆ. ಒಂದು ಎಚ್ಚರಿಕೆಯೂ ಬೇಕು: ವಿಶ್ವ ಆರೋಗ್ಯ ಸಂಸ್ಥೆಯ ಸಲಹೆಯಂತೆ 80 ಡೆಸಿಬಲ್ ಮಟ್ಟದ ಸದ್ದನ್ನು ವಾರಕ್ಕೆ 40 ಗಂಟೆಗಳಿಗಿಂತ ಹೆಚ್ಚು ಕೇಳಬಾರದು. ಮೂರು ಡೆಸಿಬಲ್ ಏರಿದರೆ ಶಕ್ತಿ ಇಮ್ಮಡಿಯಾಗುವುದರಿಂದ ಅವಧಿ ಅರ್ಧಕ್ಕಿಳಿಯಬೇಕು. ಹಾನಿಗೊಂಡ ಒಳಗಿವಿಯ ರೋಮಕೋಶಗಳು ಮತ್ತೆ ಬೆಳೆಯುವುದಿಲ್ಲ.

ಆದುದರಿಂದ ಗೆಳೆಯರು ಕೊಟ್ಟ ಆಲ್ಬಮ್ಮನ್ನು ಅದು ಯಾವ ಕಾಲದ, ಯಾವ ತಟ್ಟೆಗಾಗಿ ರಚಿತವಾಯಿತೆಂದು ತಿಳಿದು, ಆದಿಯಿಂದ ಅಂತ್ಯದವರೆಗೆ ಅದರ ಕ್ರಮದಲ್ಲಿಯೇ, ಸಮನಾದ ಸದ್ದಿನಲ್ಲಿ ಒಮ್ಮೆ ಕೇಳುವುದು ನ್ಯಾಯ. ಅನಂತರವೂ ಹಿಡಿಸದಿದ್ದರೆ, ಅದನ್ನು ನಮ್ಮ ರುಚಿಯೆಂದು ಧೈರ್ಯವಾಗಿ ಹೇಳಬಹುದು.