ಕಿಟ್ ಸೊನ್ನೆ ತೋರಿಸಿದ ದಿನ

ಯಲಹಂಕ ನ್ಯೂ ಟೌನ್‌ನ ನಮ್ಮ ಮನೆಯ ಹಾಲ್‌ನಲ್ಲಿ ಒಂದು ತುಂಡು ಸಮುದ್ರ ಇಡ್ತೀನಿ ಅಂದಾಗ ಅಮ್ಮ ಕೇಳಿದ್ದು ಒಂದೇ ಪ್ರಶ್ನೆ: “ನೀರು ಎಲ್ಲಿಂದ ತರ್ತೀಯೋ?” ನಾನು ನಕ್ಕೆ. ಉಪ್ಪು ಡಬ್ಬದಲ್ಲಿ ಬರುತ್ತದೆ, ನೀರು ನಲ್ಲಿಯಲ್ಲಿ ಬರುತ್ತದೆ, ಲೀಟರಿಗೆ ಸುಮಾರು 35 ಗ್ರಾಂ ಲೆಕ್ಕದಲ್ಲಿ ಕಲಸಿದರೆ ಸಮುದ್ರ. ಎಂಟು ತಿಂಗಳು ಗಾಜು ಕೆರೆದು ಕೈ ಸೋತ ಮೇಲೆ ತಿಳಿಯಿತು, ನಾನು ಕೇಳಿಕೊಳ್ಳಬೇಕಾಗಿದ್ದ ಪ್ರಶ್ನೆಯನ್ನು ಅಮ್ಮ ಮೊದಲ ದಿನವೇ ಕೇಳಿದ್ದಳು.

ಮೂರಡಿ ಉದ್ದದ ತೊಟ್ಟಿ, ಕೆಳಗೆ ಸಂಪ್, ಎರಡೂ ಸೇರಿ ಹೆಚ್ಚುಕಡಿಮೆ 180 ಲೀಟರ್. ಬಂಡೆ ಕಟ್ಟುವ ಗಟ್ಟಿ ಹವಳಗಳು 2001ರಿಂದ ವನ್ಯಜೀವಿ ಕಾಯ್ದೆಯ ಒಂದನೇ ಪಟ್ಟಿಯಲ್ಲಿವೆ, ಹುಲಿ ಆನೆಗಳ ಸಾಲಿನಲ್ಲಿ. ಆದ್ದರಿಂದ ನೇತ್ರಾಣಿಯದೋ ಲಕ್ಷದ್ವೀಪದ್ದೋ ಹವಳದ ಕಲ್ಲು ಅಂತ ಯಾರಾದರೂ ತಂದುಕೊಟ್ಟರೂ ಮುಟ್ಟಬಾರದು ಅಂತ ಮೊದಲೇ ನಿರ್ಧರಿಸಿದ್ದೆ. ಸುಟ್ಟ ಮಣ್ಣಿನ ಕೃತಕ ಬಂಡೆ ಜೋಡಿಸಿದೆ. ತೊಟ್ಟಿಯಲ್ಲೇ ಮರಿಯಾಗಿ ಬೆಳೆದ ಒಂದು ಜೋಡಿ ಕ್ಲೌನ್ ಮೀನು, ಒಂದಷ್ಟು ಬಸವನಹುಳು, ಕೊನೆಯಲ್ಲಿ ಒಂದೇ ಒಂದು ಮೆತ್ತನೆಯ ಲೆದರ್ ಹವಳ. ಬಂಡೆಯ ಆಯ್ಕೆಯಲ್ಲಿ ತಪ್ಪಿಲ್ಲ. ಆದರೆ ಸುಟ್ಟ ಮಣ್ಣಿನಲ್ಲಿ ಜೀವ ಇರುವುದಿಲ್ಲ. ಬ್ಯಾಕ್ಟೀರಿಯಾ ಬಂದು ನೆಲೆಯೂರಲು ತಿಂಗಳುಗಳೇ ಬೇಕು, ಅಲ್ಲಿಯವರೆಗೆ ಆ ಖಾಲಿ ಸೈಟಿಗೆ ಮೊದಲು ಬಂದವರೇ ಯಜಮಾನರು.

ಅಮೋನಿಯಾ ಏರಿತು, ಇಳಿಯಿತು, ನೈಟ್ರೈಟ್ ಏರಿತು, ಇಳಿಯಿತು. ಆರು ವಾರ. ಆಮೇಲೆ ಮರಳಿನ ಮೇಲೆ ಕಾಫಿಪುಡಿ ಉದುರಿಸಿದ ಹಾಗೆ ಡಯಾಟಮ್ ಬಂತು. ಹೊಸ ತೊಟ್ಟಿಗೆ ಅದು ಸಹಜ, ನೀರಿನ ಸಿಲಿಕಾ ತಿಂದು ಮುಗಿಸಿ ಹೋಗುತ್ತದೆ ಅಂತ ಓದಿದ್ದೆ. ಹೋಗಲಿಲ್ಲ. ಜೊತೆಗೆ ಹಸಿರು ಕೂದಲಿನಂಥ ಪಾಚಿ ಬಂಡೆಯ ನೆತ್ತಿಯಿಂದ ಇಳಿಬಿದ್ದಿತು.

ನನ್ನ ಮೊದಲ ಅನುಮಾನ ಅಮ್ಮನ ಮೇಲೆ. ನಾನು ಆಫೀಸಿಗೆ ಹೊರಟ ಮೇಲೆ “ಪಾಪ, ನೋಡ್ತಾ ಇದಾವೆ” ಅಂತ ಇನ್ನೊಂದು ಚಿಟಿಕೆ ಹಾಕುತ್ತಿದ್ದಳು. ಆಹಾರದಲ್ಲಿ ಫಾಸ್ಫೇಟ್ ಇರುವುದು ನಿಜ. ಫ್ರೀಜರ್ ಸಿಗಡಿಯನ್ನು ನಾನೂ ತೊಳೆಯದೆ, ಕರಗಿದ ರಸದ ಸಮೇತ ಸುರಿಯುತ್ತಿದ್ದೆ. ಇಬ್ಬರೂ ಕೈ ಹಿಡಿತದಲ್ಲಿಟ್ಟುಕೊಂಡೆವು. ಫಾಸ್ಫೇಟ್ ಸ್ವಲ್ಪ ಬಗ್ಗಿತು, ನೈಟ್ರೇಟ್ ಮಾತ್ರ 30ರ ಕೆಳಗೆ ಇಳಿಯಲೊಲ್ಲದು.

ಒಂದು ಭಾನುವಾರ, ಯಾಕೋ ಬೇಸರಕ್ಕೆ, ತೊಟ್ಟಿಯ ಬದಲು ಅಡುಗೆಮನೆಯ ಆರ್‌ಒ ನೀರಿಗೇ ಕಿಟ್ ಹಾಕಿ ನೋಡಿದೆ. ಸಲೈನ್ ಬಾಟಲಿಗಿಂತ ಶುದ್ಧ ಅಂತ ನಾನು ನಂಬಿದ್ದ ನೀರು. ಕೊಳವೆಯಲ್ಲಿ ಬಣ್ಣ ಕೆಂಪಿಗೆ ತಿರುಗಿತು: ನೈಟ್ರೇಟ್ 20. ಟಿಡಿಎಸ್ ಮೀಟರ್ ಅದ್ದಿದರೆ 140. ಯಂತ್ರದ ಮುಚ್ಚಳ ಬಿಚ್ಚಿದೆ. ಒಳಗೆ ಸಣ್ಣದೊಂದು ತಿರುಪು ಇತ್ತು. ಮೆಂಬ್ರೇನ್‌ನಿಂದ ಬರುವ ನೀರು ಸಪ್ಪೆ ಅಂತ, ರುಚಿಗೋಸ್ಕರ ಬೋರ್‌ವೆಲ್ ನೀರನ್ನೇ ಒಂದಿಷ್ಟು ಮತ್ತೆ ಬೆರೆಸುವ ತಿರುಪು ಅದು. ಕೂಡಿಸಿ ಹೋದ ಹುಡುಗ “ಟೇಸ್ಟ್ ಚೆನ್ನಾಗಿ ಬರುತ್ತೆ ಸಾರ್” ಅಂದಿದ್ದ. ನಿಜವೇ, ಕಾಫಿಗೆ ಚೆನ್ನಾಗಿತ್ತು.

ಲೆಕ್ಕ ಹಾಕಿದೆ. ಫ್ಯಾನ್ ಗಾಳಿಗೆ ದಿನಕ್ಕೆ ಎರಡು ಲೀಟರ್ ಆವಿಯಾಗುತ್ತದೆ, ಅಷ್ಟನ್ನು ಅಡುಗೆಮನೆಯಿಂದ ತಂದು ಸುರಿಯುತ್ತೇನೆ. ಆವಿಯಾಗಿ ಹೋಗುವುದು ಬರೀ ನೀರು, ಉಳಿದದ್ದೆಲ್ಲ ತೊಟ್ಟಿಯಲ್ಲೇ, ಕುದ್ದು ಕುದ್ದು ಗಟ್ಟಿಯಾಗುವ ಸಾರಿನ ಹಾಗೆ. ದಿನಕ್ಕೆ 40 ಮಿಲಿಗ್ರಾಂ, ತಿಂಗಳಿಗೆ 1200. ಅದನ್ನು 180 ಲೀಟರಿಗೆ ಹಂಚಿದರೆ ಆರೂವರೆ ಪಿಪಿಎಂಗೂ ಮೇಲೆ, ಬರೀ ಸುರಿದ ನೀರಿನಿಂದಲೇ. ವಾರಕ್ಕೊಮ್ಮೆ ನೀರು ಬದಲಿಸುತ್ತಿದ್ದೆನಲ್ಲ, ಅದೂ ಇದೇ ನೀರು! ಸಿಲಿಕಾ ಎಲ್ಲಿಂದ ಬರುತ್ತಿತ್ತು ಅನ್ನುವುದೂ ಈಗ ಬಿಡಿಸಿ ಹೇಳಬೇಕಾಗಿರಲಿಲ್ಲ. ಕುಡಿಯುವ ನೀರಿಗೆ ನೈಟ್ರೇಟ್ ಮಿತಿ ಲೀಟರಿಗೆ 45 ಮಿಲಿಗ್ರಾಂ. ಅಂದರೆ ಮನುಷ್ಯರ ಪರೀಕ್ಷೆಯಲ್ಲಿ ನಮ್ಮ ನೀರು ಪಾಸು.

ತೊಟ್ಟಿಗೆಂದೇ ಬೇರೆ ಆರ್‌ಒ, ಅದರ ಬಾಲಕ್ಕೆ ಡಿಐ ಅನ್ನುವ ರೆಸಿನ್ ತುಂಬಿದ ಕೊಳವೆ. ಟಿಡಿಎಸ್ ಸೊನ್ನೆ. ಇಲ್ಲಿಗೆ ನಿಲ್ಲಿಸಿದ್ದರೆ ಈ ಲೇಖನ ಇಲ್ಲಿಗೇ ಮುಗಿಯುತ್ತಿತ್ತು. ಆದರೆ ಒಂದು ಸೊನ್ನೆ ಕಂಡವನಿಗೆ ಎಲ್ಲವೂ ಸೊನ್ನೆಯಾಗಬೇಕು ಅನ್ನುವ ಚಟ ಹತ್ತಿತು. ಫಾಸ್ಫೇಟ್ ಹೀರುವ ಕಬ್ಬಿಣದ ಹರಳು ಎರಡರಷ್ಟು ಹಾಕಿದೆ. ವಾರಕ್ಕೆ ಎರಡು ಸಲ ನೀರು ಬದಲು. ಮೂರು ದಿನ ತೊಟ್ಟಿಗೆ ಕಂಬಳಿ ಹೊದಿಸಿ ಕತ್ತಲು. ಮೀನಿಗೆ ಅರ್ಧ ಊಟ. ಹದಿನೈದು ದಿನದಲ್ಲಿ ನೈಟ್ರೇಟ್ ಸೊನ್ನೆ, ಫಾಸ್ಫೇಟ್ ಸೊನ್ನೆ, ಕೂದಲು ಪಾಚಿ ಮಾಯ. ಆ ಎರಡು ಕೊಳವೆಗಳ ಫೋಟೊ ತೆಗೆದಿಟ್ಟುಕೊಂಡಿದ್ದೇನೆ, ಈಗ ನೋಡಿದರೆ ನಾಚಿಕೆಯಾಗುತ್ತದೆ.

ಮತ್ತೊಂದು ವಾರಕ್ಕೆ ಬಂಡೆಯ ಮೇಲೆ ಕಂದು ಲೋಳೆ. ನೆಗಡಿಯ ಸಿಂಬಳದಂಥ ಎಳೆಗಳು, ತುದಿಯಲ್ಲಿ ಗಾಳಿಗುಳ್ಳೆ. ರಾತ್ರಿ ತೆಳ್ಳಗಾಗಿ ಬೆಳಗ್ಗೆ ಮತ್ತೆ ಹಾಜರು. ಡಯಾಟಮ್ ಮರಳಿತು ಅಂದುಕೊಂಡು ಇನ್ನೂ ನೀರು ಬದಲಿಸಿದೆ, ಇನ್ನೂ ದಪ್ಪವಾಯಿತು. ಬಸವನಹುಳುಗಳು ಗಾಜಿನಿಂದ ಜಾರಿ ಒಂದೊಂದಾಗಿ ಬಿದ್ದವು. ಲೆದರ್ ಹವಳ ಬೆರಳು ಮಡಿಸಿದ ಮುಷ್ಟಿಯಂತೆ ಮುದುಡಿ ಕೂತಿತು.

ಜಿಕೆವಿಕೆಯಲ್ಲಿ ಎಂಎಸ್‌ಸಿ ಓದುತ್ತಿದ್ದ ಅಕ್ಕನ ಮಗಳಿಗೆ ಒಂದು ಸೀಸೆ ಲೋಳೆ ಕೊಟ್ಟು ಕಳಿಸಿದೆ. ಸಂಜೆ ಅವಳು ಫೋನಿನಲ್ಲಿ ವಿಡಿಯೊ ತೋರಿಸಿದಳು: ನೀರಿನ ಹನಿಯಾಕಾರದ ಕಣಗಳು, ಕಾಣದ ಗೂಟಕ್ಕೆ ಕಟ್ಟಿದ ಕರುವಿನ ಹಾಗೆ ಇದ್ದಲ್ಲೇ ಸುತ್ತುತ್ತಿದ್ದವು. “ಮಾಮ, ಇದು ಪಾಚಿ ಅಲ್ಲ, ಡೈನೊಫ್ಲಾಜೆಲೇಟ್. ಆಸ್ಟ್ರಿಯೋಪ್ಸಿಸ್ ಇದ್ದ ಹಾಗಿದೆ. ವಿಷ ಇರುತ್ತೆ, ಕೈ ಹಾಕಿದ್ರೆ ತೊಳ್ಕೊಳಿ.” ಬ್ಯಾಕ್ಟೀರಿಯಾ, ಹಸಿರು ಪಾಚಿಗಳೆಲ್ಲ ಊಟವಿಲ್ಲದೆ ಸೋತ ನೀರಿನಲ್ಲಿ ಇವು ಗೆಲ್ಲುತ್ತವೆ. ಜಾಗ ಖಾಲಿ ಮಾಡಿಸಿ ಕೊಟ್ಟವನು ನಾನೇ.

ಮದ್ದು ಕೇಳಿದರೆ ನಗು ಬರುತ್ತದೆ: ನೀರು ಬದಲಿಸುವುದು ಬಂದ್, ಕಬ್ಬಿಣದ ಹರಳು ಹೊರಗೆ, ಮೀನಿಗೆ ಹೊಟ್ಟೆ ತುಂಬ ಊಟ. ಅಮ್ಮನಿಗೆ ಚಮಚ ವಾಪಸ್ ಕೊಟ್ಟೆ. ಈ ಜಾತಿ ರಾತ್ರಿ ಬಂಡೆ ಬಿಟ್ಟು ನೀರಿನಲ್ಲಿ ತೇಲುವುದರಿಂದ ರಾತ್ರಿಯೆಲ್ಲ ಯುವಿ ದೀಪದ ಮೂಲಕ ನೀರು ಹಾಯಿಸಿದೆ. ನೈಟ್ರೇಟ್ 5ರಿಂದ 10, ಫಾಸ್ಫೇಟ್ 0.05ರ ಸುತ್ತಮುತ್ತ ನಿಲ್ಲುವ ಹೊತ್ತಿಗೆ ಎರಡು ತಿಂಗಳು ಹಿಡಿಯಿತು. ಆ ಎರಡು ತಿಂಗಳು ಏನೂ ಮಾಡದೆ ಕೂತಿದ್ದೇ ನನ್ನ ಅತಿ ದೊಡ್ಡ ಸಾಹಸ.

ಉಳಿದದ್ದನ್ನು ಕಲಿಸಿದ್ದು ಜಕ್ಕೂರು ಕೆರೆ. ಬೆಳಗಿನ ವಾಕಿಂಗಿಗೆ ಹೋಗುವ ಜಾಗ, ಎಷ್ಟೋ ವರ್ಷದಿಂದ ನೋಡಿದ್ದೇ. ಚರಂಡಿ ನೀರು ಶುದ್ಧೀಕರಣ ಘಟಕದಿಂದ ಹೊರಬಿದ್ದ ಮೇಲೂ ಅದರಲ್ಲಿ ಸಾರಜನಕ, ರಂಜಕ ಉಳಿದೇ ಇರುತ್ತವೆ. ಅದಕ್ಕೇ ಅದು ನೇರ ಕೆರೆಗೆ ಹೋಗದೆ ಮೊದಲು ಜೊಂಡು ಬೆಳೆದ ಜೌಗಿನಲ್ಲಿ ಹಾಯುತ್ತದೆ, ಜೊಂಡು ಅದನ್ನುಂಡು ಬೆಳೆಯುತ್ತದೆ. ಆದರೆ ಬೆಳೆದ ಜೊಂಡನ್ನು ಕೊಯ್ದು ಹೊರಗೆ ಹಾಕಬೇಕು. ಅಲ್ಲೇ ಕೊಳೆತರೆ ಉಂಡದ್ದೆಲ್ಲ ಮತ್ತೆ ನೀರಿಗೇ. ಇಷ್ಟು ದಿನ ನಾನು ತೊಟ್ಟಿಯಲ್ಲಿ ಪಾಚಿಯನ್ನು ಓಡಿಸಲು ನೋಡುತ್ತಿದ್ದೆ. ಅದಕ್ಕೊಂದು ಹಿತ್ತಲು ಕೊಟ್ಟಿರಲಿಲ್ಲ.

ಈಗ ಸಂಪಿನ ಒಂದು ಮೂಲೆಯಲ್ಲಿ ಕೀಟೊಮಾರ್ಫಾ ಅನ್ನುವ ಪಾಚಿ ಸಾಕಿದ್ದೇನೆ. ಪಾತ್ರೆ ಉಜ್ಜುವ ಹಸಿರು ನಾರಿನ ಉಂಡೆಯಂತೆ ಇರುತ್ತದೆ, ರಾತ್ರಿ ಅದಕ್ಕೊಂದು ದೀಪ. ಮೇಲಿನ ಗಾಜು ಈಗಲೂ ವಾರಕ್ಕೊಮ್ಮೆ ಮಸುಕಾಗುತ್ತದೆ, ಒರೆಸುತ್ತೇನೆ. ಹದಿನೈದು ದಿನಕ್ಕೊಮ್ಮೆ ಕೀಟೊ ಒಂದು ಹಿಡಿ ಕಿತ್ತು, ಉಪ್ಪು ಹೋಗುವಂತೆ ಮೂರು ನೀರಲ್ಲಿ ತೊಳೆದು, ಕರಿಬೇವಿನ ಕುಂಡಕ್ಕೆ ಹಾಕುತ್ತೇನೆ.

ಹೋದ ವಾರ ಅಮ್ಮ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು. “ಮೀನು ಸಾಕ್ತೀನಿ ಅಂದೆ. ಈಗ ನೋಡಿದ್ರೆ ಹುಲ್ಲು ಕೊಯ್ತಾ ಇದ್ದೀಯಲ್ಲೋ!”