ಒಣದ್ರಾಕ್ಷಿ, ದಮ್ಮು ಮತ್ತು ಹೊಳೆಯುವ ಅಣು

ಪ್ರಶ್ನೆ: ನನ್ನ ಮಗನಿಗೆ 9 ವರ್ಷ, ದಮ್ಮಿದೆ. ಹೊಂಬಣ್ಣದ ಒಣದ್ರಾಕ್ಷಿ ತಿಂದ ಸ್ವಲ್ಪ ಹೊತ್ತಿಗೇ ಎರಡು ಸಲ ಕೆಮ್ಮು ಹತ್ತಿ ಎದೆ ಸುಂಯ್‌ಗುಟ್ಟಿತು. ಅದಕ್ಕೆ ಗಂಧಕದ ಹೊಗೆ ಕೊಡುತ್ತಾರಂತೆ. ಆಹಾರದಲ್ಲೂ ದೇಹದಲ್ಲೂ ಇಂಥ ರಾಸಾಯನಿಕವನ್ನು ಬೆಳಕಾಗಿ ತೋರಿಸುವ ಪರೀಕ್ಷೆ ಬಂದಿದೆಯೆಂದು ಓದಿದೆ. ಮಗನಿಗೆ ಮಾಡಿಸಬಹುದೆ ಡಾಕ್ಟ್ರೇ?
– ಓದುಗರು, ವಿಜಯಪುರ

ಉತ್ತರ: ಆ ಪರೀಕ್ಷೆ ಮಗುವಿಗಲ್ಲ, ತಾಯಿ. ನೀವು ಎರಡು ಸಲ ಕಣ್ಣಾರೆ ಕಂಡದ್ದೇ ನನಗೆ ಅದಕ್ಕಿಂತ ದೊಡ್ಡ ಸುಳಿವು.

ಗಂಧಕದ ಹೊಗೆಯೆಂದರೆ ಸಲ್ಫರ್ ಡೈಆಕ್ಸೈಡ್. ಹಣ್ಣಿನ ತೇವದಲ್ಲಿ ಕರಗಿ ಅದು ಸಲ್ಫೈಟ್ ಆಗುತ್ತದೆ. ಹಣ್ಣು ಕಪ್ಪಾಗದಂತೆ, ಬೂಸ್ಟು ಹಿಡಿಯದಂತೆ ಕಾಯುತ್ತದೆ. ಹೆಚ್ಚಿನವರಿಗೆ ಇದರಿಂದ ತೊಂದರೆಯಿಲ್ಲ. ದಮ್ಮಿರುವ ಕೆಲವರಿಗೆ ಮಾತ್ರ ಶ್ವಾಸನಾಳ ಬಿಗಿಯುತ್ತದೆ.

ನೀವು ಓದಿದ್ದು ಫ್ಲೋರೊಸೆಂಟ್ ಪ್ರೋಬ್ ಬಗ್ಗೆ. ಕೂಮರಿನ್‌ನಂಥ ಹೊಳೆಯುವ ಅಣುವಿಗೆ ಸಲ್ಫೈಟ್ ಬಂದು ಅಂಟಿದರೆ ಅದರ ಬೆಳಕಿನ ಬಣ್ಣ ಬದಲಾಗುತ್ತದೆ. ಕೆಂಪು ಮಾಸಿ ನೀಲಿ ಮೂಡುವ ಪ್ರೋಬ್‌ಗಳೂ ಇವೆ. ಸಕ್ಕರೆ, ವೈನ್, ಜೀವಕೋಶ, ಜೀಬ್ರಾಮೀನಿನ ಮರಿಗಳಲ್ಲಿ ಪ್ರಯೋಗ ನಡೆದಿದೆ. ಆ ಮರಿಗಳ ಮೈ ಗಾಜಿನಂತೆ ಪಾರದರ್ಶಕ, ಒಳಗಿನ ಬೆಳಕು ಹೊರಗೆ ಕಾಣುತ್ತದೆ. ಮಗುವಿನ ಎದೆಗೂಡಿನ ಆಳದಿಂದ ಹಾಗೆ ಕಾಣದು. ಇನ್ನೂ ಮುಖ್ಯವಾದ ತೊಡಕೊಂದಿದೆ. ಪ್ರೋಟೀನಿನಲ್ಲಿರುವ ಗಂಧಕದಿಂದ ನಮ್ಮ ದೇಹವೇ ದಿನವೂ ಸಲ್ಫೈಟ್ ತಯಾರಿಸುತ್ತದೆ. ಸಲ್ಫೈಟ್ ಆಕ್ಸಿಡೇಸ್ ಎಂಬ ಕಿಣ್ವ ಅದನ್ನು ಸಲ್ಫೇಟ್ ಮಾಡಿ ಮೂತ್ರಕ್ಕೆ ಸಾಗಹಾಕುತ್ತದೆ. ಹೊಳೆದದ್ದು ದ್ರಾಕ್ಷಿಯದೋ ನಿನ್ನೆ ಉಂಡ ಬೇಳೆಯದೋ, ಪ್ರೋಬ್ ಹೇಳಲಾರದು.

ಆಹಾರದ ತಪಾಸಣೆಗೆ ಮಾತ್ರ ಇದು ಬೇಗ ಬರಲಿ ಎಂಬ ಆಸೆ ನನಗಿದೆ. ಈಗಿನ ಮೊನಿಯರ್-ವಿಲಿಯಮ್ಸ್ ವಿಧಾನದಲ್ಲಿ ಮಾದರಿಯನ್ನು ಆಮ್ಲದಲ್ಲಿ ತಾಸುಗಟ್ಟಲೆ ಕುದಿಸಬೇಕು. ಪ್ರೋಬ್ ಲೇಪಿಸಿದ ಕಾಗದದ ಪಟ್ಟಿ ಮಂಡಿಯಲ್ಲೇ ನಿಮಿಷಗಳಲ್ಲಿ ಉತ್ತರ ಕೊಟ್ಟರೆ ನಿಮ್ಮಂಥ ತಾಯಂದಿರ ಅರ್ಧ ಆತಂಕ ಇಳಿದೀತು.

ಸದ್ಯಕ್ಕೆ ಬಿಡಿಯಾಗಿ ತೂಗಿಕೊಡುವ ಹೊಂಬಣ್ಣದ ದ್ರಾಕ್ಷಿ ಬೇಡ. ತೊಳೆದರೂ ಸಲ್ಫೈಟ್ ಪೂರ್ತಿ ಹೋಗದು. ಪೊಟ್ಟಣದ ಮೇಲೆ ಸಂರಕ್ಷಕ 220ರಿಂದ 228ರವರೆಗಿನ ಯಾವ ಸಂಖ್ಯೆ ಕಂಡರೂ ಅದನ್ನು ಬಿಡಿ; ಒಣ ಜರ್ದಾಳು, ಹಣ್ಣಿನ ಸ್ಕ್ವಾಷ್‌ಗಳಲ್ಲೂ ನೋಡಿ. ಖಚಿತಪಡಿಸಿಕೊಳ್ಳಲು ಮನೆಯಲ್ಲಿ ಮತ್ತೊಮ್ಮೆ ತಿನ್ನಿಸಿ ನೋಡಬೇಡಿ, ಅದು ಅಪಾಯ. ಎದೆರೋಗ ಅಥವಾ ಅಲರ್ಜಿ ತಜ್ಞರಿಗೆ ಈ ಎರಡೂ ಘಟನೆಗಳನ್ನು ವಿವರವಾಗಿ ಹೇಳಿ. ಇನ್‌ಹೇಲರ್ ಶಾಲೆಯ ಚೀಲದಲ್ಲೂ ಇರಲಿ. ಅದನ್ನು ಎಳೆದುಕೊಂಡ ಮೇಲೂ ಉಸಿರು ಸರಾಗವಾಗದಿದ್ದರೆ, ಮಾತಾಡಲು ಏದುಸಿರು ಬಂದರೆ, ಒಂದು ಕ್ಷಣವೂ ಕಾಯದೆ ಆಸ್ಪತ್ರೆಗೆ ಕರೆದೊಯ್ಯಿರಿ.